ಶೇಂಗಾದಷ್ಟು ಅಂಚು

ಕೂಸಿನ ಬೆರಳು ಕೆಂಪಾಗಿ ಬಾತದ್ದಕ್ಕೆ ವಾಷಿಂಗ್ ಮಷಿನ್ ಕಾರಣವಲ್ಲ, ರಾಜಕೋಟಿನ ನೀರೂ ಕಾರಣವಲ್ಲ. ಕಾರಣ ನಾನು. ನನ್ನ ಕೈಹೊಲಿಗೆಗೆ ನಾನೇ ನಾಚಿಕೊಂಡೆ, ಅದು ಕೂಸಿನ ಬೆರಳಿಗೆ ಬಂತು.

ನಾನು ಹುಟ್ಟಿದ್ದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಬಾಳುವೆ ಮಾಡಿದ್ದು ಮೂಡಲಗಿ ಕಡೆಯ ಕುಲಗೋಡದಲ್ಲಿ. ಸಾಲಿ ಕಲಿತದ್ದು ಮೂರನೆಯ ಇಯತ್ತೆ. ಗೋಕಾಕದ ಬಸ್ಸು ಬಿಟ್ಟರೆ ದೂರದ ಹಾದಿ ಗೊತ್ತಿರಲಿಲ್ಲ. ಮೊಮ್ಮಗಳು ಕಸ್ತೂರಿ ಗುಜರಾತಿನ ರಾಜಕೋಟಿನಲ್ಲಿ ನರ್ಸು. ಹೆರಿಗೆ ರಜೆ ಮುಗಿಯಿತು, ಕೂಸನ್ನು ನೋಡಿಕೊಳ್ಳಲು ಯಾರಾದರೂ ಬನ್ನಿ ಎಂದಳು. ಅವಳ ತಾಯಿಗೆ ಎಮ್ಮೆಗಳ ಕೆಲಸ. ನನಗೆ ಯಾವ ಕೆಲಸವೂ ಇರಲಿಲ್ಲ, ಬಂದೆ.

ಬಂದ ದಿನ ಬಾಜೂ ಮನೆಯ ಜಶುಬೆನ್ ಬೇಳೆಸಾರು ಕೊಟ್ಟಳು. ಬೆನ್ ಅಂದರೆ ಅಕ್ಕ. ಬಾಯಿಗಿಟ್ಟರೆ ಸಿಹಿ. ಹೋಳಿಗೆಯ ಹೂರಣ ತಪ್ಪಿ ಸಾರಿಗೆ ಬಿದ್ದಿರಬೇಕೆಂದುಕೊಂಡೆ. ಬಿದ್ದಿಲ್ಲವಂತೆ, ಇಲ್ಲಿ ದಿನಾ ಬೆಲ್ಲ ಹಾಕುತ್ತಾರೆ. ರೊಟ್ಟಿಗೆ ರೋಟಲೋ ಅನ್ನುತ್ತಾರೆ, ಸಜ್ಜೆಯದು, ನಮ್ಮ ಜೋಳದ ರೊಟ್ಟಿಗಿಂತ ದಪ್ಪ. ಮನೆ ಮೂರನೆಯ ಮಾಳಿಗೆಯಲ್ಲಿ. ಕುಲಗೋಡದಲ್ಲಿ ಹೊಸ್ತಿಲು ದಾಟಿದರೆ ಮಣ್ಣು, ಇಲ್ಲಿ ಹೊಸ್ತಿಲು ದಾಟಿದರೆ ಮೆಟ್ಟಿಲು. ಕಸ್ತೂರಿ ಡ್ಯೂಟಿಗೆ ಹೋದರೆ ಹಗಲೆಲ್ಲ ಮಾತಾಡಲು ಕೂಸೊಂದೇ. ಅದಕ್ಕೂ ಮಾತು ಬರುತ್ತಿರಲಿಲ್ಲ.

ಹಾಗಾಗಿ ಕೂಸಿಗೆ ಹಾಸಲು ಕೌದಿ ಹೊಲಿಯುತ್ತ ಕುಳಿತೆ. ಎಳೆಗೂಸಿಗೆ ಹಳೆ ಅರಿವೆಯೇ ಆಗಬೇಕು, ಹೊಸದು ಚುಚ್ಚುತ್ತದೆ. ನನ್ನ ಎರಡು ಹಳೆ ಸೀರೆ ತಂದಿದ್ದೆ. ಚೌಕ ಕತ್ತರಿಸಿ, ಅಂಚನ್ನು ಒದ್ದೆ ಬೆರಳಿನಿಂದ ಒಳಗೆ ಮಡಚಿ, ಉಗುರಿನಿಂದ ಗೀರಿ, ಮೇಲೆ ತುಂಬಿದ ತಂಬಿಗೆ ಇಟ್ಟು ಕೂರಿಸುವುದು ನಮ್ಮ ಪದ್ಧತಿ. ಒಳಗೆ ಹೋಗುವ ಅರಿವೆ ಶೇಂಗಾ ಬೀಜದಷ್ಟು ಅಗಲ ಇರಬೇಕೆಂದು ನಮ್ಮವ್ವ ದಡ್ಡಿಯಲ್ಲಿ ಕೈಮೇಲೆ ಹೊಡೆದು ಕಲಿಸಿದ್ದಳು.

ಜಶುಬೆನ್ ಕತಾಬ್ ಮಾಡುತ್ತಾಳೆ. ಅರಿವೆಯಲ್ಲಿ ಹೂವು, ಎಲೆ, ಆನೆ ಕತ್ತರಿಸಿ ಇನ್ನೊಂದು ಅರಿವೆಯ ಮೇಲೆ ಹೊಲಿಯುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಮೊದಲೇ ಮಡಚುವುದಿಲ್ಲ. ಹೊಲಿಯುತ್ತ ಹೊಲಿಯುತ್ತ ಸೂಜಿಯ ಮೊನೆಯಿಂದ ಅಂಚನ್ನು ಒಳಗೆ ತಳ್ಳುತ್ತ ಹೋಗುತ್ತಾಳೆ, ಜೋಳದ ಕಾಳಿನಷ್ಟೂ ಇಲ್ಲ. ನನ್ನ ಚೌಕ ಮುಟ್ಟಿ ನೋಡಿ ನಕ್ಕಳು. ಇದು ಅಂಚೋ ಹಗ್ಗವೋ ಎಂದು ಕೇಳಿದಳೆಂದು ಕಸ್ತೂರಿ ಆಮೇಲೆ ಹೇಳಿದಳು.

ಅರವತ್ತು ವರ್ಷ ಸೂಜಿ ಹಿಡಿದವಳಿಗೆ ಅದು ನಾಟಿತು. ಎರಡು ವಾರ ಅವಳ ಬಾಗಿಲಲ್ಲಿ ಕುಳಿತು ಸೂಜಿಯಿಂದ ತಳ್ಳುವುದನ್ನು ಕಲಿತೆ. ಹರಕು ಹಿಂದಿಯಲ್ಲಿ ನಾನು ಕೇಳುವುದು, ಅವಳು ಬಯ್ಯುವುದು. ಊರು ಬಿಟ್ಟ ಮೇಲೆ ಯಾರಾದರೂ ಬೈದದ್ದು ಅದೇ ಮೊದಲು, ಹಿತವೆನಿಸಿತು. ಚೌಕ ಬಿಟ್ಟು ಕೌದಿಯ ತುಂಬ ಎಸಳಿನ ಹೂವು ಹೊಲಿದೆ, ಕೂದಲೆಳೆಯ ಅಂಚು. ಅವಳು ನೋಡಿ ಮೆಚ್ಚಿ ತಲೆಯಾಡಿಸಿದಳು.

ಮೂರನೆಯ ಸಲ ಒಗೆದ ಮೇಲೆ ಎಸಳುಗಳು ಬಾಯಿಬಿಟ್ಟಿದ್ದನ್ನು ನಾನು ನೋಡಲಿಲ್ಲ. ಕೂಸು ಚೀರಿದಾಗ ನೋಡಿದೆ. ಬಿಚ್ಚಿದ ಎಳೆ ಕಿರುಬೆರಳಿಗೆ ಸುತ್ತಿ ಬಿಗಿದಿತ್ತು. ನನ್ನ ಕಣ್ಣಿಗೆ ಎಳೆ ಕಾಣಲಿಲ್ಲ. ಆಗಷ್ಟೇ ಮನೆಗೆ ಬಂದಿದ್ದ ಕಸ್ತೂರಿ ಸಣ್ಣ ಕತ್ತರಿಯಿಂದ ಎಳೆ ತೆಗೆದಳು. ಬೆರಳಿಗೆ ಬಣ್ಣ ತಿರುಗಿ ಬರುವ ತನಕ ಮೆಲ್ಲಗೆ ತಿಕ್ಕಿದಳು.

"ಆ ಮಷಿನ್ನು ಹರದು ಹಾಕೈತಿ," ಎಂದೆ.

"ಮಷಿನ್ನಿಗೆ ಯಾಕ ಬೈತಿ ಆಯಿ? ನನ್ನ ಲಗ್ನದಾಗ ನೀ ಕೊಟ್ಟ ಕೌದೀನೂ ಅದರಾಗ ಒಗೀತೇನಿ. ಒಂದು ಎಳಿ ಬಿಟ್ಟಿಲ್ಲ."

ಅವಳು ಕೌದಿ ಮಡಚಿ ಕಪಾಟಿನ ಮೇಲಿಟ್ಟಳು.

"ಇದು ಮ್ಯಾಲೇ ಇರ್ಲಿ. ಕೂಸಿಗೆ ಹಾಸಬ್ಯಾಡ," ಎಂದಳು.

ಚೀರಾಟ ಕೇಳಿ ಬಂದ ಜಶುಬೆನ್ ಕೌದಿ ಇಳಿಸಿ ನೋಡಿದಳು. ತನ್ನ ಕತಾಬ್ ಬಾಗಿಲ ತೋರಣಕ್ಕೆ, ಗೋಡೆಗೆ. ಅದನ್ನು ಯಾರು ಒಗೆಯುತ್ತಾರೆ ಎಂದಳು. ಅವಳ ಅರಿವೆಯೂ ಹೊಸದು, ಗಟ್ಟಿ. ನನ್ನದು ಸವೆದ ಸೀರೆ, ಅದಕ್ಕೆ ಒಳಗೆ ಹಿಡಿದುಕೊಳ್ಳಲು ಜಾಗ ಬೇಕು. ಇದನ್ನು ನಮ್ಮವ್ವ ಹೇಳಿದ್ದಳು. ನನಗೇ ಜಾಣೆ ಅನಿಸಿಕೊಳ್ಳುವ ಹುಕಿ.

ಕುಲಗೋಡದಲ್ಲಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಆದರೆ ಹೂವು ಹೊಲಿಯಲು ಬರುತ್ತಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೂಸು ಮಲಗಿದ ಮೇಲೆ ಹೂವುಗಳನ್ನೆಲ್ಲ ಬಿಚ್ಚಿದೆ. ನೋವಿನ ಮುಲಾಮಿನ ಡಬ್ಬಿಯ ಮುಚ್ಚಳ ಇಟ್ಟು ಅದೇ ಅರಿವೆಯನ್ನು ದುಂಡಗೆ ಕತ್ತರಿಸಿದೆ, ಸುತ್ತಲೂ ಶೇಂಗಾದಷ್ಟು ಬಿಟ್ಟು. ಅಂಚಿಗೆ ದಾರ ಓಡಿಸಿ, ಮುಚ್ಚಳದ ಮೇಲೆ ಜಗ್ಗಿದರೆ ಕಡುಬಿನ ಅಂಚಿನಂತೆ ನೆರಿಗೆ ಕೂಡಿ ತಾನೇ ಒಳಗೆ ಮಡಚಿಕೊಂಡಿತು. ಉಗುರಿನಿಂದ ಗೀರಿ, ಮುಚ್ಚಳ ತೆಗೆದು ತಂಬಿಗೆ ಹೇರಿದೆ. ಎಸಳು ಹೋಗಿ ಹೂವು ಸಣ್ಣದಾಯಿತು, ಮೊಗ್ಗಿನ ಹಾಗೆ. ಒಂದನ್ನು ಹೊಲಿದು ಅಂಚಿನಡಿ ಉಗುರು ಸೇರಿಸಿ ಜೋರಾಗಿ ಜಗ್ಗಿದೆ. ಬಿಡಲಿಲ್ಲ. ಜಶುಬೆನ್‌ಳನ್ನು ಕರೆದು, ಎರಡನೆಯದಕ್ಕೆ ದಾರ ಪೋಣಿಸಿ ಕೊಡೆಂದು ಸೂಜಿ ಅವಳ ಕೈಗೆ ಕೊಟ್ಟೆ.