ಕಿಟಕಿಯ ಮೇಲಿನ ಪಿಂಗಾಣಿ ಲೋಟ

ಗುಂಡಿಯಮ್ಮ ಎಂದೆ, ಗುಂಡಮ್ಮ ಅಲ್ಲ. ದಪ್ಪಗಿದ್ದವಳೇ ಅಲ್ಲ ಅವಳು. ಕೊಡೆಯ ಕಡ್ಡಿಯ ಹಾಗಿದ್ದಳು, ಜೋರು ಗಾಳಿ ಬಂದರೆ ಮಗುಚಿಕೊಂಡಾಳು ಎಂಬಂತೆ. ಕೆಲಸವೂ ಕೊಡೆ ಕಾರ್ಖಾನೆಯಲ್ಲೇ. ಕೊಡೆಯನ್ನು ಮಡಚಿ ಸುತ್ತುವುದಕ್ಕೆ ಒಂದು ಸಣ್ಣ ಪಟ್ಟಿ ಇರುತ್ತದಲ್ಲ, ಅದರ ತುದಿಗೆ ಗುಂಡಿ ಹೊಲಿಯುವವಳು. ಕಡ್ಡಿ ಕೂಡಿಸಿ, ಬಟ್ಟೆ ಬಿಗಿದು, ಹಿಡಿ ಸಿಕ್ಕಿಸಿ, ಕೈಯಿಂದ ಕೈಗೆ ಬಂದ ಕೊಡೆ ಕೊನೆಗೆ ಅವಳ ಮಡಿಲಿಗೆ ಬೀಳಬೇಕು. ಅವಳು ಗುಂಡಿ ಹಾಕಿ, ಒಮ್ಮೆ ಬಿಚ್ಚಿ, ಒಳಗಿಂದ ಬೆಳಕಿಗೆ ಹಿಡಿದು ತೂತು ಇಲ್ಲವೆಂದು ನೋಡಿ ಮಡಚಿದರೆ ಮುಗಿಯಿತು. ಮನೆಯೊಳಗೆ ಕೊಡೆ ಬಿಚ್ಚಿದರೆ ಕೆಡುಕು ಎನ್ನುವವರಿದ್ದಾರೆ. ಅದು ನಿಜವಾಗಿದ್ದರೆ ಅವಳ ಕೆಡುಕು ಇಡೀ ಓಣಿಗೆ ಹಂಚಿದರೂ ಮಿಗುತ್ತಿತ್ತು.

ಕೂತಲ್ಲಿ ಕೂರುವ ಜೀವವಲ್ಲ. ಗುಂಡಿ ಹೊಲಿಯುತ್ತ ಎದ್ದು ಒಲೆ ನೋಡುವುದು, ಒಲೆ ನೋಡುತ್ತ ಹೋಗಿ ಕಿಟಕಿ ಮುಚ್ಚುವುದು, ತನ್ನ ತೋಳಿಗೇ ಚುಚ್ಚಿಕೊಂಡ ಸೂಜಿಯನ್ನು ಕೋಣೆಯವರೆಲ್ಲರ ಕೈಲಿ ಹುಡುಕಿಸುವುದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ತಾಯಿ ಹೇಳುತ್ತಿದ್ದಳಂತೆ. ಹೇಳಿದ ತಾಯಿಯೇ ಆ ಚಕ್ರ ಕಟ್ಟಿದ್ದು. ಅವಳು ಹೊರಗೆ ದುಡಿಯಲು ಹೋದರೆ ತಮ್ಮಂದಿರು ತಂಗಿಯರು ಎಲ್ಲರೂ ಇವಳ ತಲೆಗೆ. ಯಾರಿಗೆ ಹಸಿವು, ಯಾರಿಗೆ ನಿದ್ದೆ, ಯಾರ ಚಡ್ಡಿ ಒದ್ದೆ, ಅಳು ಬರುವ ಮೊದಲೇ ತಿಳಿಯಬೇಕು. ತಿಳಿಯುತ್ತಲೂ ಇತ್ತು. ಒಳ್ಳೆಯ ಗುಣವೇ ಅದು. ಆದರೆ ಹಸುಗೂಸಿಗೆ ಹೊಂದುವುದು ಮೀಸೆ ಬಂದವರಿಗೂ ಹೊಂದುತ್ತದೆಂದು ಅವಳು ನಂಬಿಬಿಟ್ಟಳು.

ಗಂಡ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವ. ಅವನು ಕೆಮ್ಮುವ ಮೊದಲೇ ಬಿಸಿನೀರು, ಆಕಳಿಸುವ ಮೊದಲೇ ಹಾಸಿಗೆ. ಮನೆಗೆ ಬಂದ ಭಾವಮೈದುನರು ಹಸಿವಾಯಿತೇ ಭಾವ ಎಂದು ಕೇಳಿದರೆ, ನನಗೆ ಹಸಿವಾಗಿದೆಯೋ ಇಲ್ಲವೋ ನಿಮ್ಮ ಅಕ್ಕನನ್ನೇ ಕೇಳಿ, ನನಗೇನು ಗೊತ್ತು ಎನ್ನುತ್ತಿದ್ದ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಒಂದು ಬದಿಗೆ ಕಿಟಕಿಗಳು, ಮೂಲೆಯಲ್ಲಿ ಸಣ್ಣ ಒಲೆ. ಬಟ್ಟೆ ಕತ್ತರಿಸುವ ಕತ್ತರಿಯಣ್ಣ ಮಾಂಸ ಮುಟ್ಟದವನು. ಕಡ್ಡಿ ಕೂಡಿಸುವ ಕಡ್ಡಿ ಮಾವ ಮಾಂಸವಿಲ್ಲದೆ ಊಟವೇ ಇಲ್ಲ ಎನ್ನುವವನು, ಮೇಲೆ ಹೊತ್ತುಹೊತ್ತಿಗೆ ಪೆಟ್ಟಿಗೆಗಳ ಹಿಂದೆ ಚಾಪೆ ಹಾಸಿ ಪ್ರಾರ್ಥನೆ ಮಾಡುವವನು. ಹಿಡಿ ಹಾಕುವವನ ಭಾಷೆ ಬೇರೆ, ದೇವರು ಬೇರೆ. ಅಷ್ಟು ವರ್ಷ ನಮ್ಮ ಭಾಷೆ ಆಡಿದರೂ ಎಣಿಸುವುದು ಮತ್ತು ಬೈಯುವುದು ಅವನದ್ದರಲ್ಲೇ. ಎಣಿಸುತ್ತಿದ್ದಾನೋ ಬೈಯುತ್ತಿದ್ದಾನೋ ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಮರ್ಯಾದೆಯಿಂದಲೇ ಇದ್ದರು.

ಹಿಂದೆ ಅಲ್ಲಿ ಲೋಟಗಳು ಎಲ್ಲರಿಗೂ ಸೇರಿದ್ದವು. ಒಂದು ದಿನ ಕಡ್ಡಿ ಮಾವ ಊಟದ ಮಧ್ಯೆ ನೀರು ಕುಡಿದಿಟ್ಟ ಲೋಟದಲ್ಲೇ ಕತ್ತರಿಯಣ್ಣನಿಗೆ ಚಹಾ ಬಂತು. ಅದರ ಅಂಚಿನಲ್ಲಿ ಮಾಂಸದ ಸಾರಿನ ಜಿಡ್ಡು. ಅವನು ಮುಖ ಹಿಂಡಿದ, ಇವನು ಅದನ್ನು ಕಂಡ, ಮಾತಿಗೆ ಮಾತು ಬೆಳೆಯಿತು. ಆಮೇಲೆ ಎಷ್ಟೋ ದಿನ ಎದುರಾ ಬದರಾ ಕೂತೂ ಒಬ್ಬರಿಗೊಬ್ಬರು ಬಟ್ಟೆ ಕಡ್ಡಿಗಳನ್ನು ಎಸೆದೇ ಕೊಡುತ್ತಿದ್ದರು. ಗುಂಡಿಯಮ್ಮನಿಗೆ ತಡೆಯಲಾಗಲಿಲ್ಲ. ಪೇಟೆಯಿಂದ ಹಿಡಿಯಿರುವ ತಗಡಿನ ಲೋಟ ತಂದಳು, ತಲೆಗೊಂದು. ಒಂದೊಂದರ ಹಿಡಿಗೆ ಒಂದೊಂದು ಬಣ್ಣದ ದಾರ ಬಿಗಿಯಾಗಿ ಸುತ್ತಿದಳು. ಒಲೆಯ ಮೇಲಿನ ಗೋಡೆಗೆ ಹಲಗೆ ಬಡಿಸಿ, ಮೊಳೆ ಹೊಡೆದು ತೂಗುಹಾಕಿದಳು. ನಿನ್ನ ಬಾಯಿ ನಿನ್ನ ಲೋಟ, ನಿನ್ನ ಜಗಳ ನಿನ್ನ ಮನೆಯಲ್ಲಿ, ಎಂದಳು. ಜಗಳ ನಿಂತಿತು. ಕುಡಿದ ಲೋಟವನ್ನು ಎಲ್ಲರೂ ಕೆಳಗಿನ ಬೋಗುಣಿಗೆ ಹಾಕಿ ಹೋಗುವರು. ಇವಳು ಒಬ್ಬೊಬ್ಬರನ್ನೇ ಬೈಯುತ್ತ ತೊಳೆದು ಮೊಳೆಗೆ ಹಾಕುವಳು. ನನ್ನ ಕೋಣೆಯಿಂದ ಮನಸ್ಸು ನೊಂದು ಕೆಲಸ ಬಿಟ್ಟವರು ಒಬ್ಬರೂ ಇಲ್ಲ ಎನ್ನುವುದು ಅವಳ ಹೆಮ್ಮೆ. ಬೇರೆ ಒಡವೆ ಅವಳ ಹತ್ತಿರ ಇರಲಿಲ್ಲ.

ಅಲ್ಲಿಗೆ ಬಂದಳು ಹೊಸ ಹೊಲಿಗೆಯವಳು. ದೂರದಿಂದ ಬಂದವಳು, ಮಾತು ಕಡಿಮೆ, ಹೊಲಿಗೆ ಇರುವೆ ಸಾಲಿನ ಹಾಗೆ. ಗುಂಡಿಯಮ್ಮ ಅವಳ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದವಳೇ ಮನಸ್ಸು ಸೋತಳು. ಈ ಹುಡುಗಿಗೆ ಏನು ಕೊಡಲಿ, ಏನು ಮಾಡಲಿ ಎಂದು ಕೈ ಕಡಿಯತೊಡಗಿತು. ತಗಡಿನ ಲೋಟ ಉಳಿದಿತ್ತು, ಆದರೆ ಹಲಗೆಯಲ್ಲಿ ತೀರ ಕೊನೆಯಲ್ಲಿ ಬಿಟ್ಟರೆ ಜಾಗವಿಲ್ಲ. ಅದೂ ಅಲ್ಲದೆ, ತಗಡು ಯಾಕೆ? ಮನೆಯಲ್ಲಿ ಮದುವೆಗೆ ತಾಯಿ ಕೊಟ್ಟ ಪಿಂಗಾಣಿ ಲೋಟ ಒಂದಿತ್ತು. ನೀಲಿ ಹೂವಿನದು. ಜೋಡಿ ಒಡೆದುಹೋಗಿ ಇದೊಂದೇ ಉಳಿದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ತಗಡಿನ ಜೊತೆ ತಾಗಿದರೆ ಚಕ್ಕೆ ಎದ್ದೀತೆಂದು ಬೇರೆಯಾಗಿ ಕಿಟಕಿಯ ಮೇಲಿಟ್ಟಳು. ಇದು ನಿಂದು ಕಣೇ, ಎಂದಳು. ಅಷ್ಟೇ ಹೇಳಿದ್ದು. ಹೂವು ಕಣ್ಣಿಗೆ ಕಾಣುತ್ತದಲ್ಲ, ಮತ್ತೇನು ಹೇಳುವುದು ಎಂದುಕೊಂಡಳು.

ಹೊಸಬಳು ಆ ಲೋಟ ನೋಡಿದಳು, ಗೋಡೆಯ ಲೋಟಗಳನ್ನು ನೋಡಿದಳು. ಕುಡಿದು, ನಲ್ಲಿಗೆ ಹೋಗಿ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿದಳು. ಮರುದಿನವೂ ಹಾಗೇ. ಗುಂಡಿಯಮ್ಮನಿಗೆ ಹಿಗ್ಗೋ ಹಿಗ್ಗು. ಕೋಣೆಗೆಲ್ಲ ಕೇಳುವಂತೆ ಹೇಳಿದಳು:

"ನೋಡ್ರಪ್ಪಾ, ಇವಳನ್ನ ನೋಡಿ ಕಲೀರಿ. ತನ್ನ ಲೋಟ ತಾನೇ ತೊಳೆದು, ಇಟ್ಟ ಜಾಗದಲ್ಲೇ ಇಡ್ತಾಳೆ. ಯಾರೂ ಹೇಳಿಕೊಟ್ಟಿಲ್ಲ."

ಕಡ್ಡಿ ಮಾವ, ಹೌದಮ್ಮಾ, ನಾವು ತಗಡಿನವರು, ಅವಳೇ ಬೇರೆ, ಎಂದು ರಾಗ ಎಳೆದ. ಹೊಟ್ಟೆಕಿಚ್ಚಿನ ತಮಾಷೆ ಅದು. ಎಲ್ಲರೂ ನಕ್ಕರು. ಹೊಸಬಳು ನಗಲಿಲ್ಲ. ಅವಳ ಮಿಷನ್ನು ಮಾತ್ರ ಜೋರಾಗಿ ಓಡಿತು.

ಆ ದಿನದಿಂದ ಅವಳು ಚಹಾ ಬಿಟ್ಟಳು. ಬೇಡ ಅಕ್ಕ, ಎದೆ ಉರಿ, ಎಂದಳು. ಗುಂಡಿಯಮ್ಮ ಹಾಲು ಹೆಚ್ಚು ಹಾಕಿದಳು, ಆಮೇಲೆ ಕಡಿಮೆ ಹಾಕಿದಳು. ಬೆಳಕು ಸಾಲದೇನೋ ಎಂದು ಅವಳ ಮಿಷನ್ನನ್ನು ಹಿಡಿಯವನ ಕೈಲಿ ಎಳೆಸಿ ಕಿಟಕಿಯ ಪಕ್ಕಕ್ಕೇ ಹಾಕಿಸಿದಳು. ಈಗ ಹೊಸಬಳು ತಲೆ ಎತ್ತಿದರೆ ಮೂಗಿನ ಮುಂದೆ ಆ ಲೋಟ. ವಾರ ಮುಗಿದರೆ ಅವಳು ಕೆಲಸ ಬಿಡುತ್ತಾಳಂತೆ ಎಂಬ ಸುದ್ದಿಯನ್ನು ಕತ್ತರಿಯಣ್ಣ ತಂದ. ಬಟ್ಟೆ ಕತ್ತರಿಸುವಷ್ಟೇ ನೇರವಾಗಿ ಹೇಳಿ ತನ್ನ ಮೇಜಿಗೆ ಹೋದ.

ಗುಂಡಿಯಮ್ಮನ ಸೂಜಿ ಬೆರಳಿಗೆ ಹೊಕ್ಕಿತು. ನೂಲು ಗಂಟಾಯಿತು, ಬಿಡಿಸಿದಳು, ಮತ್ತೆ ಗಂಟಾಯಿತು. ಎದ್ದಳು, ಯಾಕೆ ಎದ್ದೆನೆಂದು ಮರೆತಳು, ಕೂತಳು. ಯಾರು ಏನಂದರು ಅವಳಿಗೆ? ಕಡ್ಡಿ ಮಾವನ ಮೇಲೆ ಸಂಶಯ ಬಂತು, ಹಿಡಿಯವನ ಮೇಲೆ ಬಂತು, ಆಣೆ ಹಾಕಿಸಿ ಕೇಳಿದಳು. ಅವರಿಬ್ಬರೂ ಮುನಿಸಿಕೊಂಡರು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ತನ್ನ ಓಣಿ ದಾಟಿ ಮುಂದಿನ ಓಣಿಗೆ ಹೋಗಿ ತನ್ನ ಮನೆಯೆಂದೇ ಯಾರದೋ ಬಾಗಿಲು ತಟ್ಟಿದಳು.

ಗಂಡನ ಮುಂದೆ ಎಲ್ಲ ಬಿಚ್ಚಿಟ್ಟಳು, ಹಾಲಿನಿಂದ ಹಿಡಿದು ಬೆಳಕಿನ ತನಕ. ಅವನು ಕಾಲು ಚಾಚಿ ಕೇಳಿದ.

"ಅವಳನ್ನ ಕೇಳಿದ್ಯಾ?"

"ಕೇಳದೆ ಮತ್ತೆ? ಎಲ್ಲರನ್ನೂ ಕೇಳಿದೆ ರೀ."

"ಎಲ್ಲರನ್ನೂ ಅಲ್ಲ ಮಾರಾಯ್ತಿ, ಅವಳನ್ನ. ಎಲ್ಲಿ ಇಳೀತೀರಿ ಅಂತ ಕೇಳ್ದೇನೇ ನಾನು ಟಿಕೆಟ್ ಹರೀತಿದ್ನಾ? ನೀನು ಮುಖ ನೋಡೇ ಹರಿದುಕೊಡ್ತೀಯ."

ಗುಂಡಿಯಮ್ಮ ಅವನಿಗೆ ಬಡಿಸಿದ್ದ ತಟ್ಟೆಯನ್ನು ಸಿಟ್ಟಿನಿಂದ ತನ್ನ ಕಡೆಗೆ ಎಳೆದುಕೊಂಡಳು. ಆದರೆ ಮಾತು ಹೊಟ್ಟೆಗಿಳಿಯಿತು.

ಮರುದಿನ ಉಳಿದವರು ಊಟಕ್ಕೆ ಹೊರಗೆ ಹೋದಾಗ ಹೊಸಬಳ ಮಿಷನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಬಾಯಿಗೆ ಬಂದ ಊಹೆಗಳನ್ನೆಲ್ಲ ಹಿಂದಕ್ಕೆ ನುಂಗಿದಳು, ಅದೇನು ಸುಲಭವಲ್ಲ ಅವಳಿಗೆ.

"ಯಾಕೆ ಹೋಗ್ತೀಯೇ? ನನಗೆ ತಿಳೀಲಿಲ್ಲ. ನೀನೇ ಹೇಳು."

"ಏನಿಲ್ಲ ಅಕ್ಕ. ಕೆಲಸ ಹಿಡಿಸಲಿಲ್ಲ."

"ಹಿಡಿಸದವರು ಹೀಗೆ ಹೊಲಿಯಲ್ಲ."

ಹೊಸಬಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು. ಗುಂಡಿಯಮ್ಮನ ಕಾಲು ತಾನಾಗಿ ಕುಣಿಯುತ್ತಿತ್ತು, ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಹಿಡಿದಳು.

"ನಮ್ಮಮ್ಮ ಒಂದು ದೊಡ್ಡ ಮನೇಲಿ ಕಸ ಮುಸುರೆಗೆ ಹೋಗ್ತಿದ್ಲು. ಅವಳ ಲೋಟ ಹಿತ್ತಿಲ ಕಿಟಕಿ ಮೇಲೆ ಇರ್ತಿತ್ತು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕ್ಬೇಕು. ಒಳಗಿನ ಪಾತ್ರೆಗೆ ತಾಗಬಾರ್ದು. ಒಳ್ಳೇ ಜನಾನೇ ಅವರು, ನಗ್ತಾ ಮಾತಾಡೋರು. ಎಷ್ಟು ನೀಟು ಇವಳು ಅಂತ ಅಮ್ಮನ್ನ ಹೊಗಳೋರು." ಅವಳು ಗೋಡೆಯ ಕಡೆ ನೋಡಿದಳು. "ಇಲ್ಲಿ ಎಲ್ಲಾರದ್ದೂ ಅಲ್ಲಿ. ನಂದು ಇಲ್ಲಿ. ನೀವೂ ಹೊಗಳಿದ್ರಿ."

ಗುಂಡಿಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ತನ್ನನ್ನು ಅಂಥವರ ಸಾಲಿಗೆ ಸೇರಿಸಿದಳಲ್ಲ ಎಂದು ಕಿವಿ ಬಿಸಿಯಾಯಿತು.

"ಅದು ನನ್ನ ಮದುವೆ ಪಿಂಗಾಣಿ ಕಣೇ. ನನ್ನ ಗಂಡನಿಗೂ ಅದ್ರಲ್ಲಿ ಕೊಟ್ಟಿಲ್ಲ. ಒಡೆದೀತು ಅಂತ ಕಿಟಕಿ ಮೇಲಿಟ್ಟೆ."

"ಅದು ನನಗೆ ಹೇಗೆ ಗೊತ್ತಾಗ್ಬೇಕು ಅಕ್ಕ?"

ಇಷ್ಟು ಸಣ್ಣ ಪ್ರಶ್ನೆ. ಗುಂಡಿಯಮ್ಮ ಗೋಡೆಯ ಹಲಗೆಯ ಕಡೆ ನೋಡಿದಳು. ಜಗಳವಾಡಿದ ಇಬ್ಬರು ಗಂಡಸರನ್ನು ಒಂದೇ ಹಲಗೆಯ ಮೇಲೆ ತಂದವಳು ತಾನು. ಆ ಹಲಗೆಯಿಂದ ಒಬ್ಬಳನ್ನು ಹೊರಗಿಟ್ಟವಳೂ ತಾನೇ, ಅದೂ ಪ್ರೀತಿಯಿಂದ. ತಪ್ಪಾಯ್ತು ಕಣೇ, ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಎರಡನೇ ಸಲ ಹೇಳಬೇಕಾಯಿತು.

ಆಮೇಲೆ ಕೂರಲಾರದೆ ಸುತ್ತಿಗೆ ತಂದಳು. ಊಟ ಮುಗಿಸಿ ಬಂದವರು ಇದೇನು ಅವತಾರ ಎಂದು ನಿಂತರು. ಅವಳು ಒಂದು ಮೊಳೆಯನ್ನು ಹಲಗೆಯ ಕೊನೆಗೆ ಹಿಡಿದಳು, ಅಲ್ಲೇ ಸ್ವಲ್ಪ ಜಾಗವಿತ್ತು. ಸುತ್ತಿಗೆ ಎತ್ತಿದವಳು ಇಳಿಸಿದಳು. ಹಿಂದಕ್ಕೆ ತಿರುಗಿ ಕೇಳಿದಳು:

"ಎಲ್ಲಿ ಹೊಡೀಲಿ?"

ಆ ಪ್ರಶ್ನೆ ಅವಳ ಬಾಯಲ್ಲಿ ಹೊಸ ಚಪ್ಪಲಿಯ ಹಾಗೆ ಕಚ್ಚಿತು. ಹೊಸಬಳು ನಿಧಾನವಾಗಿ ಎದ್ದು ಬಂದು ಕತ್ತರಿಯಣ್ಣನ ಲೋಟಕ್ಕೂ ಕಡ್ಡಿ ಮಾವನ ಲೋಟಕ್ಕೂ ನಡುವೆ ಬೆರಳಿಟ್ಟಳು. ನಡುವಿಗೇ ಬೇಕಾ ಮಹಾರಾಣಿಗೆ, ಎಂದು ಗೊಣಗುತ್ತಲೇ ಕಡ್ಡಿ ಮಾವ ತನ್ನ ಮೊಳೆ ಕಿತ್ತು ಆಚೆ ಹೊಡೆದುಕೊಂಡ. ಕತ್ತರಿಯಣ್ಣನೂ ತನ್ನದನ್ನು ಈಚೆಗೆ ಸರಿಸಿದ.

ಗುಂಡಿಯಮ್ಮ ಪಿಂಗಾಣಿಯನ್ನು ತರಲು ಹೋದಳು. ಹೊಸಬಳು ತಡೆದಳು.

"ಅದು ಬೇಡ ಅಕ್ಕ. ತಗಡಿಂದೇ ಕೊಡಿ."

ಅದು ಚುಚ್ಚಿತು. ತಾಯಿ ಕೊಟ್ಟದ್ದು, ಎಂದೂ ಯಾರಿಗೂ ಕೊಡದ್ದು. ಆದರೂ ತಗಡಿನ ಲೋಟವನ್ನೇ ತೆಗೆದುಕೊಟ್ಟಳು. ಹೊಸಬಳು ತನ್ನ ಮಿಷನ್ನಿನಿಂದ ಹಸಿರು ನೂಲು ಎಳೆದು ಹಿಡಿಗೆ ತಾನೇ ಸುತ್ತಿದಳು, ಸಡಿಲವಾಗಿ, ಅಂಕುಡೊಂಕಾಗಿ. ಬಿಗಿ ಮಾಡಲು ಗುಂಡಿಯಮ್ಮನ ಬೆರಳು ತುಡಿಯಿತು. ಕೈಯನ್ನು ತೊಡೆಯ ಕೆಳಗಿಟ್ಟು ಕೂತುಬಿಟ್ಟಳು.

ಲೋಟ ಮೊಳೆಗೇರಿತು. ಆದರೆ ಹೊಸಬಳು ಉಳಿಯುತ್ತೇನೆ ಎನ್ನಲಿಲ್ಲ, ಇವಳೂ ಕೇಳಲಿಲ್ಲ. ಒಂದು ಹಲಗೆ ಸರಿಹೋದ ಮಾತ್ರಕ್ಕೆ ಆ ಇನ್ನೊಂದು ಮನೆಯ ಕಿಟಕಿ ಮರೆತುಹೋಗುತ್ತದೆಯೇ? ರಜೆಯ ದಿನ ಮನೆಯಲ್ಲಿ ಗುಂಡಿಯಮ್ಮ ಒರೆಸಿದ್ದನ್ನೇ ಒರೆಸಿದಳು. ಮನೆಗೆ ಮರಳಿ ತಂದಿದ್ದ ಪಿಂಗಾಣಿ ಲೋಟದಲ್ಲಿ ಗಂಡನಿಗೆ ಚಹಾ ಕೊಟ್ಟಳು. ಅವನು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಯಾಕೇ, ನನಗೇನಾದ್ರೂ ಕಾಯಿಲೆ ಅಂತ ಡಾಕ್ಟರು ಹೇಳಿದ್ದಾರಾ, ಎಂದ.

ವಾರದ ಮೊದಲ ಬೆಳಿಗ್ಗೆ ಕಿಟಕಿಯ ಪಕ್ಕದ ಮಿಷನ್ನು ಖಾಲಿಯಿತ್ತು. ಗುಂಡಿಯಮ್ಮ ಪಟ್ಟಿಯ ತಪ್ಪು ಮಗ್ಗುಲಿಗೆ ಗುಂಡಿ ಹೊಲಿದಳು, ಬಿಚ್ಚಿದಳು, ಮತ್ತೆ ತಪ್ಪು ಮಗ್ಗುಲಿಗೇ ಹೊಲಿದಳು. ಬಾಗಿಲು ಕಿರ್ ಎಂದಾಗಲೆಲ್ಲ ಕತ್ತು ತಿರುಗಿತು. ಹಾಲು ಉಕ್ಕಿ ಒಲೆ ಆರಿತು. ಅದನ್ನು ಒರೆಸುತ್ತಿರುವಾಗ ಬೆನ್ನ ಹಿಂದೆ ಮಿಷನ್ನು ಓಡುವ ಸದ್ದು ಕೇಳಿಸಿತು. ಬಸ್ಸು ತಡವಾಯ್ತು ಎಂದು ಹೊಸಬಳು ಯಾರಿಗೋ ಹೇಳುತ್ತಿದ್ದಳು. ಇವಳು ತಿರುಗಲಿಲ್ಲ. ತಿರುಗಿದರೆ ಏನಾದರೂ ಮಾಡಿಬಿಟ್ಟೇನೆಂದು ತನಗೇ ಭಯ.

ಚಹಾ ಆಯಿತು. ಎಲ್ಲರೂ ಬಂದರು, ಹಸಿರು ನೂಲಿನ ಲೋಟವೂ ಮೊಳೆಯಿಂದ ಇಳಿಯಿತು. ಹೊಸಬಳು ನಿಂತೇ ಕುಡಿದಳು. ಆಮೇಲೆ ನಲ್ಲಿಯ ಕಡೆ ಹೋಗಲಿಲ್ಲ. ತಳದಲ್ಲಿ ಚರಟ ಉಳಿದ ಲೋಟವನ್ನು ಬೋಗುಣಿಯಲ್ಲಿ, ಉಳಿದವರ ಎಂಜಲು ಲೋಟಗಳ ಮೇಲೆ ಠಣ್ಣನೆ ಹಾಕಿ ತನ್ನ ಮಿಷನ್ನಿಗೆ ಹೋದಳು.

ಗುಂಡಿಯಮ್ಮ ಬೋಗುಣಿಯ ಮುಂದೆ ಕೂತಳು. ಒಂದೊಂದೇ ಲೋಟ ಎತ್ತಿ ಉಜ್ಜುತ್ತ ಎಂದಿನಂತೆ ಶುರುಮಾಡಿದಳು, ಇವನಿಗೆ ಕೈ ಇಲ್ಲ, ಅವನಿಗೆ ನಾಚಿಕೆ ಇಲ್ಲ. ಹಸಿರು ನೂಲಿನದು ಕೈಗೆ ಬಂದಾಗ ಒಂದು ಗಳಿಗೆ ತಡೆದಳು. ಆಮೇಲೆ ಇಡೀ ಕೋಣೆಗೆ ಕೇಳುವಂತೆ, ಬಾಯಿ ತುಂಬ ಬೈದಳು:

"ಈ ಸೋಂಬೇರಿಗಳ ಜೊತೆ ಸೇರಿ ಇವಳೂ ಕೆಟ್ಟಳು ನೋಡಿ."

ಮಿಷನ್ನು ನಿಲ್ಲಲಿಲ್ಲ. "ಸ್ವಲ್ಪ ಚೆನ್ನಾಗಿ ಉಜ್ಜಿ ಅಕ್ಕ," ಎಂದಳು ಹೊಸಬಳು, ತಲೆ ಎತ್ತದೆಯೇ.