ಲೋಕೇಶಪ್ಪನವರ ಪೇಟೆ ಸುತ್ತು

ಅರಸೀಕೆರೆಯ ನಮ್ಮ ಬೀದಿಯ ಲೋಕೇಶಪ್ಪನವರು ಪೇಟೆಗೆ ಹೊರಟರೆ ಅರ್ಧ ಮನೆಯೇ ಸ್ಕೂಟರ್ ಹತ್ತಿದ ಹಾಗೆ. ಆನ್‌ಲೈನ್‌ನಲ್ಲಿ ತರಿಸಿ ಮಗಳಿಗೆ ಬಿಗಿಯಾದ ಚಪ್ಪಲಿ, ಅಳಿಯನಿಗೆ ಹಿಡಿಸದ ಇಯರ್‌ಫೋನ್ ಎಲ್ಲವನ್ನೂ ಕೊರಿಯರ್ ಆಫೀಸಿನಲ್ಲಿ ವಾಪಸ್ ಕೊಟ್ಟು, ಅವರೆಕಾಯಿಯನ್ನು ಮೂಗಿಗೆ ಹಿಡಿದು ಸೊಗಡು ನೋಡಿ, "ಚೌಕಾಸಿ ಮಾಡದೆ ತಂದ ತರಕಾರಿ ರುಚಿಸಲ್ಲ ಕಣ್ರೀ" ಎಂದು ನಗುವವರು. ಈ ಚಳಿಗಾಲದಲ್ಲಿ ಆ ನಗು ಇಲ್ಲ. ಮೊನ್ನೆ ಕೊರಿಯರ್ ಆಫೀಸಿನಲ್ಲಿ ಹೆಂಡತಿಯ ಸ್ವೆಟರ್ ವಾಪಸ್ ಕೊಡುತ್ತಿದ್ದರು. "ಇದೂ ದೊಡ್ಡದಾಯ್ತಾ ಸಾರ್? ಇದಕ್ಕಿಂತ ಚಿಕ್ಕ ಸೈಜಿಲ್ವಲ್ಲ" ಎಂದಳು ಅಲ್ಲಿಯ ಹುಡುಗಿ. "ಹೂಂ ಕಣಮ್ಮ. ಆಸ್ಪತ್ರೆಯವರು ಇನ್ನು ಮನೆಗೆ ಕರ್ಕೊಂಡೋಗಿ ಅಂದ್ಮೇಲೆ ದಿನಾ ಇಳಿದುಹೋಗ್ತಾವ್ಳೆ" ಎಂದ ಲೋಕೇಶಪ್ಪ ತಮ್ಮ ಫೋನನ್ನು ಅವಳ ಕೈಗಿತ್ತರು. "ಮಕ್ಕಳ ಸೈಜಿನದೊಂದು ಆರ್ಡರ್ ಮಾಡ್ಕೊಡವ್ವ. ಬೇಗ ಬರೋದು ನೋಡು."