ಉಸಿರು ತೆಗೆಯದವಳ ಹಾಡು

ನನ್ನ ತಮ್ಮ ಶೇಖರ ಹಾಡು ಕೇಳುವಾಗ ಉಸಿರಾಡುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು ಹಾಡು ಶುರು ಮಾಡುತ್ತಿದ್ದ. ಮುಗಿಯುವ ತನಕ ಗಾಳಿ ಬಿಡುತ್ತಿರಲಿಲ್ಲ. ಕತ್ತಿನ ನರ ಉಬ್ಬಿ ತುಟಿಯ ಬಣ್ಣ ಕಂದುತ್ತಿತ್ತು. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದ ಅಮ್ಮ ಅತ್ತ ನೋಡುತ್ತಿರಲಿಲ್ಲ. ಆದರೆ ಅವನು ಗಾಳಿ ಬಿಟ್ಟ ಸದ್ದು ಕೇಳಿದ ಮೇಲೆಯೇ ಅವಳ ಕೈ ಮತ್ತೆ ಆಡುತ್ತಿತ್ತು.

ಅದು ಅವನ ಕೆಲಸದ ಅಭ್ಯಾಸ. ಗಂಗೊಳ್ಳಿಯಿಂದ ಹೊರಡುವ ಒಂದು ಬೋಟಿನಲ್ಲಿ ಅವನು ಮುಳುಗುವವನು. ಬೋಟಿನ ಅಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಒಬ್ಬ ನೀರಿಗಿಳಿದು ಚೂರಿಯಿಂದ ಕೊಯ್ದು ಬಿಡಿಸಬೇಕು. ಸಿಲಿಂಡರು ಗಿಲಿಂಡರು ಏನೂ ಇಲ್ಲ, ಎದೆಯಲ್ಲಿದ್ದಷ್ಟೇ ಗಾಳಿ.

ಅವನು ಕೇಳುತ್ತಿದ್ದ ಹಾಡುಗಳು ಜಪಾನಿನವು. ಹಾಡುವವಳು ಮನುಷ್ಯಳಲ್ಲ, ಕಂಪ್ಯೂಟರಿನಲ್ಲಿ ಕಟ್ಟಿದ ಹೆಣ್ಣುದನಿ. ಮುಂಬೈಯ ಕ್ಯಾಂಟೀನಿನಲ್ಲಿದ್ದಾಗ ಊಟಕ್ಕೆ ಬರುತ್ತಿದ್ದ ಕಾಲೇಜಿನವರಿಂದ ಹಿಡಿದ ಹುಚ್ಚು ಅದು. ಊರಿಗೆ ಬಂದು ಬೋಟು ಹತ್ತಿದ ಮೇಲೂ ಬಿಡಲಿಲ್ಲ. ಆ ದನಿ ತೆಳ್ಳಗೆ, ಎಲ್ಲೂ ತಡೆಯದೆ ಓಡುತ್ತದೆ. ಕೇಳುತ್ತಾ ಕೂತರೆ ನಮ್ಮ ಎದೆಯೇ ಬಿಗಿಯಾಗುತ್ತದೆ. ಯಾಕೆಂದು ನನಗೆ ಹೊಳೆದಿರಲಿಲ್ಲ. ಅವನೇ ಹೇಳಿದ.

“ಅವ್ಳ್ ಉಸ್ರ್ ತೆಗಿತಿಲ್ಲೆ ಅಕ್ಕ. ಮನ್ಷ್ರಾರೆ ನಡು ನಡು ಗಾಳಿ ಎಳ್ಕಂತ್ರ್. ಇವ್ಳಿಗ್ ಅದ್ ಬೇಡ. ನೀರಿನ್ ಅಡಿಗೆ ನಂಗ್ ಇವ್ಳೇ ಜೊತಿ.”

ಅಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡಳು. ಉಸಿರಿಲ್ಲದವಳ ದನಿ ದೀಪ ಹಚ್ಚುವ ಮನೆಯೊಳಗೆ ಬೇಡ ಎಂದಳು. ಬಾವಿಕಟ್ಟೆ ಅವನ ಜಾಗವಾದದ್ದು ಅಂದಿನಿಂದ.

ಯಾರು ಸಿಕ್ಕಿದರೂ ಅವರಿಗೊಂದು ಹಾಡು ಕೇಳಲು ಹೇಳುತ್ತಿದ್ದ. ಬೈಂದೂರು ಬಸ್ಸಿನ ಕಂಡಕ್ಟರಿಗೆ ಒಂದು, ಕ್ಷೌರದಂಗಡಿಯವನಿಗೆ ಇನ್ನೊಂದು. ಡಾಕ್ಟರು ಮಾತ್ರೆ ಬರೆದ ಹಾಗೆ, ಊಟದ ಮೊದಲೋ ನಂತರವೋ ಎನ್ನುವುದನ್ನೂ ಹೇಳುತ್ತಿದ್ದ. ಗೇರುಬೀಜದ ಕಾರ್ಖಾನೆಯಲ್ಲಿ ಬೆರಳು ಸುಟ್ಟುಕೊಂಡು ಬರುವ ನನಗೆ ನಿಧಾನದ್ದೇ ಆಗಬೇಕೆಂದು ಹುಡುಕಿ ಕೊಡುತ್ತಿದ್ದ. ಬೋಟು ನಡೆಸುವ ತಾಂಡೇಲ ಬಾಬಣ್ಣನ ಫೋನಿಗಂತೂ ಸಾಲು ಸಾಲಾಗಿ ಕಳಿಸುತ್ತಿದ್ದ. ಬಾಬಣ್ಣ ಅವನನ್ನು ಕರೆಯುತ್ತಿದ್ದುದೇ ಜಪಾನ್ ಎಂದು.

“ಹ್ವಾಯ್ ಜಪಾನ್, ನಿನ್ ಹೆಂಡ್ತಿಗ್ ಒಂದೇ ಹಾಡ್ ಬಪ್ಪುದಾ? ನಂಗೆ ಎಲ್ಲ ಒಂದೇ ನಮ್ನಿ ಕೇಣ್ತ್.”

“ಕೆಮಿ ತೊಳ್ಕಂಡ್ ಕೇಣಿ ಬಾಬಣ್ಣ” ಎಂದು ಇವನು ನಗುತ್ತಿದ್ದ.

ಬಾಬಣ್ಣನದು ಸುಳ್ಳಲ್ಲ. ಒಂದೇ ದನಿ, ಒಂದೇ ಓಟ, ತಿಳಿಯದ ಭಾಷೆ. ನನಗೂ ಮೊದಮೊದಲು ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಸಂಜೆ ಸಂಜೆ ಬಾವಿಕಟ್ಟೆಯಲ್ಲಿ ಒಂದು ಕಿವಿಯ ತಂತಿ ನನಗೆ ಕೊಟ್ಟು ಕಲಿಸಿದ. ದನಿಯನ್ನು ಬಿಟ್ಟುಬಿಡು, ಹಿಂದೆ ಬಡಿಯುವುದನ್ನು ಹಿಡಿ ಎನ್ನುತ್ತಿದ್ದ. ಒಂದು ಮಳೆಗಾಲ ಪೂರ್ತಿ ಬೋಟು ದಡದಲ್ಲಿತ್ತು. ಅದು ನೀರಿಗಿಳಿಯುವ ಹೊತ್ತಿಗೆ ನಾನು ಅವನ್ನೆಲ್ಲ ಬಿಡಿಬಿಡಿಯಾಗಿ ಗುರುತಿಸುತ್ತಿದ್ದೆ. ಊರಲ್ಲಿ ಪಾಸಾದವಳು ನೀನೊಬ್ಬಳೇ ಎಂದು ಬೆನ್ನು ತಟ್ಟಿದ.

ನೀರಿನಡಿ ಎಷ್ಟು ಹೊತ್ತಾಯಿತೆಂಬುದು ಇಳಿದವನಿಗೂ ಸರಿಯಾಗಿ ತಿಳಿಯುವುದಿಲ್ಲ, ಮೇಲಿನವರಿಗೂ ತಿಳಿಯುವುದಿಲ್ಲ. ಅದಕ್ಕೆಂದು ಶೇಖರ ಎರಡು ನಿಮಿಷದೊಳಗೆ ಮುಗಿಯುವ ಒಂದು ಚಿಕ್ಕ ಹಾಡನ್ನು ಆರಿಸಿದ್ದ. ಅದೊಂದನ್ನೇ ಮೆಮೊರಿ ಕಾರ್ಡಿನಲ್ಲಿ ಹಾಕಿ, ಮುಗಿದ ಕೂಡಲೇ ನಿಲ್ಲುವಂತೆ ಮಾಡಿ, ಬೋಟಿನ ಸ್ಪೀಕರಿಗೆ ಸಿಕ್ಕಿಸಿಟ್ಟಿದ್ದ. ಸ್ಪೀಕರನ್ನು ಬೋಟಿನ ತಳಕ್ಕೆ ತಾಗಿಸಿಟ್ಟರೆ ಹಲಗೆಯ ಮೂಲಕ ನೀರಿಗೂ ಕೇಳುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು, ಹಾಡು ಮುಗಿಯುವುದರೊಳಗೆ ಮೇಲೆ ಬರುವುದು. ಬಾರದಿದ್ದರೆ ಮೇಲಿನವರು ಹಗ್ಗ ಎಳೆಯುವುದು.

ಒಮ್ಮೆ ಯಾರೋ ಹೆದರಿ ಹಾಡಿನ ನಡುವೆಯೇ ಎಳೆದುಬಿಟ್ಟರು. ಕೈಯಲ್ಲಿದ್ದ ಚೂರಿ ಅವನ ತೋಳಿಗೇ ಇಳಿಯಿತು. ಹೊಲಿಗೆ ಹಾಕಿಸಿಕೊಂಡು ಬಂದ ದಿನ ಬಾಬಣ್ಣನನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು, ನಗದೆ ಮಾತಾಡಿದ.

“ಹಾಡ್ ಇಪ್ಪು ತನ್ಕ ಹಗ್ಗ ಮುಟ್ಟೂಕಾಗ. ನಿಂತ ಕೂಡ್ಲೇ ಎಳ್ದ್ ಬಿಡ್ಕ್. ಮತ್ತೆ ಎಂತ ಕಾಂಬುಕೂ ಇಲ್ಲೆ.”

ಬಾಬಣ್ಣ ದೇವರ ಮೇಲೆ ಆಣೆ ಮಾಡಿ ಒಪ್ಪಿದ. ಅಮ್ಮ ಕಾಫಿ ಲೋಟಗಳನ್ನು ಅಲ್ಲೇ ಇಟ್ಟು ಹಿತ್ತಿಲಿಗೆ ಹೋದಳು.

ಆಮೇಲಿನ ದಿನಗಳಲ್ಲಿ ಬೋಟಿನ ಕೆಳಗೆ ಬಲೆ ಸಿಕ್ಕಿಕೊಂಡಿತೆಂದು ಕೇಳಿದಾಗಲೆಲ್ಲ ನನಗೆ ಆ ಹಾಡು ತಲೆಯೊಳಗೆ ಶುರುವಾಗುತ್ತಿತ್ತು. ಸುಲಿಯುತ್ತಿದ್ದ ಬೀಜ ಕೈಯಲ್ಲೇ ಉಳಿಯುತ್ತಿತ್ತು. ಹಾಡು ಮುಗಿದ ಮೇಲೆ ಒಂದು ಕ್ಷಣ ಕಾಯುತ್ತಿದ್ದೆ. ಶೇಖರ ಸಂಜೆ ಬಂದು, ಉಪ್ಪು ಹಿಡಿದ ತಲೆ ಕೆರೆಯುತ್ತಾ, ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದ.

ಆ ದಿನ ಬಲೆ ಸಿಕ್ಕಿಕೊಂಡದ್ದು ಮರವಂತೆಯ ಎದುರು, ದಡದ ರಸ್ತೆಯಲ್ಲಿ ಓಡುವ ಬಸ್ಸು ಕಾಣುವಷ್ಟು ಹತ್ತಿರ. ಸುದ್ದಿ ಕಾರ್ಖಾನೆಗೆ ಬಂತು. ಬಲೆಯ ಹುರಿ ಕಾಲಿಗೆ ಸುತ್ತಿಕೊಂಡಿತ್ತಂತೆ. ಅವನು ಒಳಗಿನಿಂದ ಹಗ್ಗ ಜಗ್ಗಿದ್ದರೂ ಇರಬಹುದು, ಅಲೆಗೆ ಬೋಟು ಕುಣಿಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಎಳೆದಾಗ ಹುರಿ ತಾನಾಗಿ ಜಾರಿ, ತಡೆಯೇ ಇಲ್ಲದೆ ಮೇಲೆ ಬಂದನಂತೆ. ಆ ಮಾತು ನನಗೆ ಈಗಲೂ ನುಂಗಲಾಗುವುದಿಲ್ಲ.

ಶೇಖರನ ಉತ್ತರಕ್ರಿಯೆ, ಬೊಜ್ಜ ಎಲ್ಲ ಕಳೆದ ಮೇಲೆ ಬಾಬಣ್ಣ ಬಂದ. ಜಗಲಿಯ ತುದಿಯಲ್ಲಿ ಕೂತ. ಅವನ ಗಡ್ಡ ಬೆಳೆದಿತ್ತು. ಸೋಮವಾರ ಬೋಟು ಮತ್ತೆ ಹೊರಡುತ್ತದೆ, ಮುಳುಗಲು ಉಪ್ಪುಂದದವನೊಬ್ಬ ಬಂದಿದ್ದಾನೆ ಎಂದ. ಜಪಾನ್ ಮಾಡಿಟ್ಟ ಕ್ರಮವನ್ನೇ ಅವನಿಗೂ ಕಲಿಸಿದ್ದೇನೆ, ಅದೇ ಹಾಡು ಎಂದ. ಬೋಟಿನ ಸ್ಪೀಕರಿಗೆ ಉಪ್ಪುನೀರು ಹೊಕ್ಕು ಕೆಟ್ಟಿತ್ತಂತೆ. ಆ ದಿನ ಹಾಡನ್ನು ತನ್ನ ಫೋನಿನಿಂದ ಹಾಕಿದ್ದು, ಇನ್ನೂ ಹಾಗೇ ಎಂದ.

ಆಮೇಲೆ ಅಮ್ಮ ಹತ್ತಿರವಿಲ್ಲವೆಂದು ನೋಡಿಕೊಂಡು ಹೇಳಿದ.

“ಹಾಡ್ ಮುಗಿಲೇ ಇಲ್ಲೆ ಹೆಣೆ. ನಾ ಹಗ್ಗ ಹಿಡ್ಕಂಡೇ ಇದ್ದಿದ್ದೆ. ಅವ್ಳ್ ನಿಲ್ಸ್ಲೇ ಇಲ್ಲೆ.”

ಒಮ್ಮೆ ಹಾಕು ಎಂದೆ. ಅವನು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಹಾಕಿದ. ಶೇಖರ ಆರಿಸಿದ ಅದೇ ಚಿಕ್ಕ ಹಾಡು. ಓಡಿತು, ಓಡಿತು, ಮುಗಿಯಿತು. ರೆಪ್ಪೆ ಬಡಿಯುವಷ್ಟೂ ಬಿಡುವಿಲ್ಲದೆ ಫೋನು ತಾನಾಗಿ ಇನ್ನೊಂದನ್ನು ಶುರು ಮಾಡಿತು. ಶೇಖರ ಕಳಿಸಿದ್ದನ್ನೆಲ್ಲ ಹಾಕಿ ಹಾಕಿ ಆ ಫೋನಿಗೆ ರೂಢಿಯಾಗಿಬಿಟ್ಟಿತ್ತು. ನಿಮಗಿದು ಇಷ್ಟವಾಗಬಹುದು ಎಂದು ಅದೇ ಹುಡುಕಿ ತರುತ್ತಿತ್ತು. ಅದೇ ದನಿ, ಅದೇ ಓಟ.

ಬಾಬಣ್ಣನ ಮುಖದಲ್ಲಿ ಏನೂ ಬದಲಾಗಲಿಲ್ಲ. ತಲೆಯಾಡಿಸುತ್ತಾ, “ಕೇಂಡ್ಯಾ, ಇನ್ನೂ ಹಾಡ್ತಾ ಇತ್ತ್” ಎಂದ.

ಹೇಳದೆ ಬಿಡಬಹುದಿತ್ತು. ಈ ಮನುಷ್ಯ ನನ್ನ ತಮ್ಮನಿಗೆ ಕೊಟ್ಟ ಮಾತನ್ನು ಚೂರೂ ಮುರಿದಿರಲಿಲ್ಲ. ಎಳೆಯಬೇಡ ಎಂದದ್ದಕ್ಕೆ ಎಳೆಯದೆ, ಹಗ್ಗ ಹಿಡಿದು ಕಾದಿದ್ದ. ಆದರೆ ಸೋಮವಾರ ಉಪ್ಪುಂದದವನು ಸೊಂಟಕ್ಕೆ ಹಗ್ಗ ಕಟ್ಟುತ್ತಾನೆ. ಅವನ ಮನೆಯಲ್ಲೂ ಯಾರೋ ಕೈ ನಿಲ್ಲಿಸಿ ಕೂತಿರುತ್ತಾರೆ.

“ಬಾಬಣ್ಣ, ಅದ್ ಆಗ್ಳೇ ಮುಗಿತ್. ಇದ್ ಬೇರೆ ಹಾಡ್.”

ಅವನು ನನ್ನನ್ನು ನೋಡಿದ. ಎಲ್ಲಿ ಮುಗಿಯಿತು ಎಂದು ಮೆಲ್ಲಗೆ ಕೇಳಿದ. ಮೊದಲಿನಿಂದ ಹಾಕಿಸಿದೆ. ಆ ಜಾಗ ಬಂದಾಗ ಬೆರಳೆತ್ತಿ, ಇಲ್ಲಿ ಎಂದೆ.

ಅವನ ಬಲಗೈ ಮುಷ್ಟಿ ಕಟ್ಟಿ, ಗಾಳಿಯಲ್ಲಿ ಒಮ್ಮೆ ತನ್ನ ಕಡೆಗೆ ಜಗ್ಗಿತು. ಅಲ್ಲೇ ನಿಂತಿತು.

ಫೋನಿನಲ್ಲಿ ಎರಡನೆಯದೂ ಮುಗಿದು ಮೂರನೆಯದು ಶುರುವಾಯಿತು. ಅದು ತಿಳಿದದ್ದು ನನಗೊಬ್ಬಳಿಗೆ.